ಟೆರಿಟರಿಯಿಂದ ರಾಜ್ಯಕ್ಕೆ: ಅಮೆರಿಕ 13ರಿಂದ 50ಕ್ಕೆ ಬೆಳೆದ ಬಗೆ

ಪ್ರಶ್ನೆ: ನನ್ನ ಮಗಳು ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾಳೆ. ಅರಿಜೋನಾ ರಾಜ್ಯವಾಗಿದ್ದೇ 1912ರಲ್ಲಿ ಅಂತ ಅವಳು ಹೇಳಿದಾಗ ಆಶ್ಚರ್ಯವಾಯಿತು. ಅದಕ್ಕೂ ಮೊದಲು ಅದು ‘ಟೆರಿಟರಿ’ ಆಗಿತ್ತಂತೆ. ಹಾಗಂದರೆ ಏನು? 13 ರಾಜ್ಯಗಳಿಂದ ಶುರುವಾದ ದೇಶ 50ಕ್ಕೆ ಹೇಗೆ ಬೆಳೆಯಿತು? ಇಷ್ಟು ಜನ ಆದರೆ ರಾಜ್ಯ ಅಂತ ಏನಾದರೂ ಲೆಕ್ಕ ಇತ್ತಾ? ನಮ್ಮಲ್ಲಿ ಹೊಸ ರಾಜ್ಯ ಮಾಡುವುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಪೋರ್ಟೊ ರಿಕೊ ಇನ್ನೂ ಯಾಕೆ ರಾಜ್ಯವಾಗಿಲ್ಲ?

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಅರಿಜೋನಾ 48ನೇ ರಾಜ್ಯವಾಗಿ ಸೇರಿದ್ದು 1912ರ ಫೆಬ್ರುವರಿ 14ರಂದು. ನಮ್ಮಲ್ಲಿ ಆಗ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ ಕೆಲವೇ ತಿಂಗಳಾಗಿತ್ತು. ಅಷ್ಟು ಈಚಿನ ಸಂಗತಿ ಅದು.

ಲೆಕ್ಕ ಇತ್ತಾ ಎಂದು ಕೇಳಿದ್ದೀರಿ. ಇತ್ತು. 60,000 ಜನ. ಆದರೆ ಈ ಇತಿಹಾಸವನ್ನು ಓದಿದಷ್ಟೂ ನನಗೆ ಖಚಿತವಾದದ್ದು ಇದು: ಆ ಸಂಖ್ಯೆ ಬಾಗಿಲ ಮೇಲೆ ಬರೆದಿತ್ತು, ಬೀಗದ ಕೈ ಅಮೆರಿಕದ ಸಂಸತ್ತಿನ, ಅಂದರೆ ಕಾಂಗ್ರೆಸ್ಸಿನ, ಹತ್ತಿರ ಇತ್ತು. ಎಷ್ಟು ಜನ ಇದ್ದಾರೆ ಅನ್ನುವುದನ್ನು ಕಾಂಗ್ರೆಸ್ ಕೇಳುತ್ತಿತ್ತು. ಅವರು ಎಂಥವರು, ಯಾರಿಗೆ ಮತ ಹಾಕುತ್ತಾರೆ, ಯಾವ ಭಾಷೆ ಮಾತಾಡುತ್ತಾರೆ ಅನ್ನುವುದನ್ನು ಅದಕ್ಕಿಂತ ಜಾಸ್ತಿ ಕೇಳುತ್ತಿತ್ತು.

ಮೊದಲು ಬಾಗಿಲು ಹುಟ್ಟಿದ ಕತೆ ಹೇಳುತ್ತೇನೆ.

ಬ್ರಿಟಿಷರ ವಿರುದ್ಧ ಗೆದ್ದ 13 ವಸಾಹತುಗಳಲ್ಲಿ ಕೆಲವಕ್ಕೆ ಪಶ್ಚಿಮದ ಕಾಡು, ಬಯಲುಗಳ ಮೇಲೆ ಹಳೆಯ ಹಕ್ಕುಪತ್ರಗಳಿದ್ದವು. ವರ್ಜೀನಿಯಾ ತನ್ನ ಗಡಿ ಬೆಟ್ಟಗಳ ಆಚೆ ಎಲ್ಲೆಲ್ಲಿಗೋ ಹೋಗುತ್ತದೆ ಎನ್ನುತ್ತಿತ್ತು. ಮೇರಿಲ್ಯಾಂಡ್‌ಗೆ ಅಂಥ ಹಕ್ಕು ಯಾವುದೂ ಇರಲಿಲ್ಲ. ಯುದ್ಧ ಎಲ್ಲರೂ ಸೇರಿ ಮಾಡಿದ್ದು, ನೆಲ ಮಾತ್ರ ಕೆಲವರಿಗೆ ಯಾಕೆ ಎಂದು ಅದು ಹಟ ಹಿಡಿಯಿತು. ಒಕ್ಕೂಟದ ಮೊದಲ ಕರಾರಿಗೆ ಸಹಿ ಹಾಕದೆ 1781ರವರೆಗೆ ಕೂತಿತು. ಕೊನೆಗೆ ರಾಜ್ಯಗಳು ಒಂದೊಂದಾಗಿ ಪಶ್ಚಿಮದ ನೆಲವನ್ನು ಒಕ್ಕೂಟಕ್ಕೆ ಬಿಟ್ಟುಕೊಟ್ಟವು. ವರ್ಜೀನಿಯಾ 1784ರಲ್ಲಿ ಬಿಟ್ಟಿತು. ಜಾರ್ಜಿಯಾ ಬಿಟ್ಟದ್ದು 1802ರಲ್ಲಿ, ಎಲ್ಲರಿಗಿಂತ ಕೊನೆಗೆ.

ಹೀಗೆ ಯಾವ ರಾಜ್ಯಕ್ಕೂ ಸೇರದ, ಇಡೀ ದೇಶಕ್ಕೆ ಸೇರಿದ ನೆಲ ಒಂದು ಹುಟ್ಟಿತು. ನೀವು ಕೇಳಿದ ‘ಟೆರಿಟರಿ’ ಅಂದರೆ ಇಂಥ ನೆಲ. ಅದನ್ನು ಏನು ಮಾಡುವುದು? ಬ್ರಿಟನ್ ಮಾಡಿದ ಹಾಗೆ ವಸಾಹತು ಮಾಡಿಕೊಂಡು ಆಳಬಹುದಿತ್ತು. ಆದರೆ ವಸಾಹತಿನ ಜನ ಏನು ಮಾಡುತ್ತಾರೆ ಅನ್ನುವುದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೆಟ್ಟ ದಾಟಿ ಹೋದವರು ಆಗಲೇ ಸಿಡಿಯತೊಡಗಿದ್ದರು. ನಾರ್ತ್ ಕೆರೊಲಿನಾದ ಪಶ್ಚಿಮದ ಜನ 1784ರಲ್ಲಿ ಫ್ರಾಂಕ್ಲಿನ್ ಅಂತ ತಮ್ಮದೇ ರಾಜ್ಯ ಘೋಷಿಸಿಕೊಂಡರು. ಜಾನ್ ಸೆವಿಯರ್ ಎಂಬಾತನನ್ನು ಗವರ್ನರ್ ಮಾಡಿಕೊಂಡರು. ಕಾಂಗ್ರೆಸ್ಸಿನಲ್ಲಿ ಬೇಕಾದಷ್ಟು ಮತ ಸಿಗಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಕರಗಿಹೋಯಿತು. ಮುಂದೆ ಅದೇ ನೆಲದಲ್ಲಿ ಟೆನೆಸಿ ರಾಜ್ಯವಾದಾಗ ಮೊದಲ ಗವರ್ನರ್ ಆದವರು ಇದೇ ಸೆವಿಯರ್.

1787ರ ಜುಲೈ 13ರಂದು, ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವ ಸಭೆ ನಡೆಯುತ್ತಿದ್ದಾಗಲೇ, ಅತ್ತ ನ್ಯೂಯಾರ್ಕ್‌ನಲ್ಲಿದ್ದ ಹಳೆಯ ಕಾಂಗ್ರೆಸ್ ಒಂದು ಕಾನೂನು ಮಾಡಿತು. ಹೆಸರು ನಾರ್ತ್‌ವೆಸ್ಟ್ ಆರ್ಡಿನೆನ್ಸ್. ಒಹಾಯೊ ನದಿಯ ವಾಯವ್ಯಕ್ಕಿದ್ದ ನೆಲಕ್ಕೆ ಮಾಡಿದ ನಿಯಮ ಅದು. ಅಮೆರಿಕದ ಸಂವಿಧಾನವನ್ನು ಎಲ್ಲರೂ ಹೊಗಳುತ್ತಾರೆ, ಈ ಕಾನೂನನ್ನು ನೆನೆಯುವವರು ಕಡಿಮೆ. ನನ್ನ ಪ್ರಕಾರ ದೇಶದ ಆಕಾರ ನಿರ್ಧಾರವಾಗಿದ್ದು ಇದರಲ್ಲಿ.

ಇದರಲ್ಲಿದ್ದ ಏಣಿ ಹೀಗೆ. ಮೊದಲ ಮೆಟ್ಟಿಲಲ್ಲಿ ಕೇಂದ್ರ ನೇಮಿಸಿದ ಒಬ್ಬ ಗವರ್ನರ್, ಒಬ್ಬ ಕಾರ್ಯದರ್ಶಿ, ಮೂವರು ನ್ಯಾಯಾಧೀಶರು. ಜನರಿಗೆ ಮತವೇ ಇಲ್ಲ. ವಯಸ್ಸಿಗೆ ಬಂದ ಸ್ವತಂತ್ರ ಗಂಡಸರು 5,000 ಆದಾಗ ಎರಡನೇ ಮೆಟ್ಟಿಲು. ಆಗ ಒಂದು ಶಾಸನಸಭೆ ಆರಿಸಿಕೊಳ್ಳಬಹುದು, ಕಾಂಗ್ರೆಸ್ಸಿಗೆ ಒಬ್ಬ ಪ್ರತಿನಿಧಿಯನ್ನೂ ಕಳಿಸಬಹುದು. ಆತ ಮಾತಾಡಬಹುದು, ಮತ ಹಾಕುವಂತಿಲ್ಲ. ಸ್ವತಂತ್ರ ನಿವಾಸಿಗಳು 60,000 ಆದಾಗ ಮೂರನೇ ಮೆಟ್ಟಿಲು. ಆಗ ತಮ್ಮ ಸಂವಿಧಾನ ತಾವೇ ಬರೆದುಕೊಂಡು, ಮೊದಲ 13 ರಾಜ್ಯಗಳಿಗೆ ಎಲ್ಲ ವಿಷಯದಲ್ಲೂ ಸರಿಸಮವಾಗಿ ಒಕ್ಕೂಟ ಸೇರಬಹುದು.

ಆ ಕೊನೆಯ ಮಾತನ್ನು ನಿಧಾನವಾಗಿ ಓದಿ. ಕಿರಿಯ ರಾಜ್ಯ ಅನ್ನುವ ದರ್ಜೆಯೇ ಇಲ್ಲ. ನಿನ್ನೆ ಸೇರಿದ ಒಹಾಯೊಗೂ ಯುದ್ಧ ಗೆದ್ದ ವರ್ಜೀನಿಯಾಕ್ಕೂ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿನಲ್ಲಿ ಎರಡೆರಡೇ ಕುರ್ಚಿ. ಹದಿನೆಂಟನೇ ಶತಮಾನದ ಯಾವ ಸಾಮ್ರಾಜ್ಯವೂ ತಾನು ಹಿಡಿದ ನೆಲದ ಜನರಿಗೆ ಇಂಥ ಮಾತು ಕೊಟ್ಟಿರಲಿಲ್ಲ. ಜೊತೆಗೆ ಆ ನೆಲದಲ್ಲಿ ಗುಲಾಮಗಿರಿ ಇರಕೂಡದು ಎಂದೂ ಬರೆದರು. ಆ ನೆಲದಲ್ಲಿ ಮೂರಕ್ಕಿಂತ ಕಡಿಮೆ ಇಲ್ಲದ, ಐದಕ್ಕಿಂತ ಹೆಚ್ಚಿಲ್ಲದ ರಾಜ್ಯ ಆಗಬೇಕು ಎಂದರು. ಐದೇ ಆದವು: ಒಹಾಯೊ 1803, ಇಂಡಿಯಾನಾ 1816, ಇಲಿನಾಯ್ 1818, ಮಿಷಿಗನ್ 1837, ವಿಸ್ಕಾನ್ಸಿನ್ 1848.

ಅದಕ್ಕೆ ಎರಡು ವರ್ಷ ಮೊದಲು, 1785ರಲ್ಲಿ, ಭೂಮಿ ಅಳೆಯುವ ಕಾನೂನು ಬಂದಿತ್ತು. ನೆಲವನ್ನು ಆರು ಮೈಲಿ ಚದರದ ಚೌಕಗಳಾಗಿ ಕೊಯ್ಯುವುದು. ಪ್ರತಿ ಚೌಕದಲ್ಲಿ 640 ಎಕರೆಯ 36 ತುಂಡು. ಅದರಲ್ಲಿ 16ನೇ ತುಂಡು ಶಾಲೆಗೆ ಮೀಸಲು. ಮುಂದಿನ ಸಲ ಫೀನಿಕ್ಸ್‌ಗೆ ಹೋಗುವಾಗ ದಾರಿ ಮಧ್ಯ ಅಮೆರಿಕದ ಬಯಲಿನ ಮೇಲಾದರೆ ಕಿಟಕಿಯಿಂದ ಕೆಳಗೆ ನೋಡಿ. ಚದುರಂಗದ ಮಣೆಯಂತೆ ನೇರ ರಸ್ತೆ, ನೇರ ಹೊಲ ಕಾಣುತ್ತವೆ. ಆ ಗೆರೆಗಳನ್ನು ಎಳೆಯಲು ಶುರು ಮಾಡಿದ್ದು ಆಗ.

ಈಗ ಕಷ್ಟದ ಮಾತು. ಆ ನೆಲ ಖಾಲಿ ಇರಲಿಲ್ಲ.

ಅಲ್ಲಿ ಶಾನಿ, ಮಯಾಮಿ, ಡೆಲವೇರ್ ಮುಂತಾದ ಮೂಲನಿವಾಸಿ ಜನ ಇದ್ದರು. ಅವರ ನೆಲವನ್ನು ಅವರ ಒಪ್ಪಿಗೆ ಇಲ್ಲದೆ ಎಂದೂ ಕಿತ್ತುಕೊಳ್ಳುವುದಿಲ್ಲ ಎಂದು ಇದೇ ಆರ್ಡಿನೆನ್ಸಿನಲ್ಲಿ ಬರೆದಿದೆ. 1791ರ ನವೆಂಬರ್ 4ರಂದು ಮಯಾಮಿಗಳ ನಾಯಕ ಲಿಟಲ್ ಟರ್ಟಲ್, ಶಾನಿಗಳ ನಾಯಕ ಬ್ಲೂ ಜಾಕೆಟ್ ಸೇರಿ, ಟೆರಿಟರಿಯ ಗವರ್ನರ್ ಆರ್ಥರ್ ಸೇಂಟ್ ಕ್ಲೇರ್ ಕರೆತಂದ ಸೈನ್ಯವನ್ನು ಪುಡಿಗಟ್ಟಿದರು. 600ಕ್ಕೂ ಹೆಚ್ಚು ಸೈನಿಕರು ಸತ್ತರು. ಮೂಲನಿವಾಸಿಗಳ ಕೈಯಲ್ಲಿ ಅಮೆರಿಕದ ಸೇನೆ ಕಂಡ ಅತಿ ದೊಡ್ಡ ಸೋಲು ಅದು. ಆದರೆ 1794ರಲ್ಲಿ ಇನ್ನೊಂದು ಸೈನ್ಯ ಬಂದು ಗೆದ್ದಿತು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಇಂದಿನ ಒಹಾಯೊದ ಬಹುಭಾಗ ಅವರ ಕೈಬಿಟ್ಟಿತು. ಎಂಟು ವರ್ಷಕ್ಕೆ ಒಹಾಯೊ ರಾಜ್ಯವಾಯಿತು. ಆ 60,000ದ ಎಣಿಕೆಯಲ್ಲಿ ಇವರಿರಲಿಲ್ಲ. ಬಂದವರನ್ನು ಎಣಿಸಿದರು, ಇದ್ದವರನ್ನು ಎಣಿಸಲಿಲ್ಲ. ಸಮಾನತೆಯ ಆ ದೊಡ್ಡ ಮಾತನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೆಚ್ಚುವಾಗಲೆಲ್ಲ ಇದನ್ನೂ ಸೇರಿಸಿ ಹೇಳದಿದ್ದರೆ ಅದು ಅರ್ಧ ಕತೆ.

ಸಂವಿಧಾನ ಬಂದ ಮೇಲೆ ವಿಷಯ ಇನ್ನೂ ಸರಳವಾಯಿತು, ಇನ್ನೂ ಅಪಾಯದ್ದೂ ಆಯಿತು. ಹೊಸ ರಾಜ್ಯಗಳನ್ನು ಕಾಂಗ್ರೆಸ್ ಸೇರಿಸಿಕೊಳ್ಳಬಹುದು ಎಂದು ನಾಲ್ಕನೇ ವಿಧಿ ಹೇಳುತ್ತದೆ. ‘ಬಹುದು’ ಅಷ್ಟೇ. ಎಷ್ಟು ಜನ, ಎಷ್ಟು ವರ್ಷ, ಯಾವ ಅರ್ಹತೆ, ಏನೂ ಇಲ್ಲ. ಕಾಲಕ್ರಮದಲ್ಲಿ ಒಂದು ಪದ್ಧತಿ ಬೆಳೆಯಿತು. ಕಾಂಗ್ರೆಸ್ ಮೊದಲು ಟೆರಿಟರಿ ಮಾಡುತ್ತದೆ, ಗವರ್ನರ್‌ನನ್ನು ಅಧ್ಯಕ್ಷ ನೇಮಿಸುತ್ತಾನೆ. ಆಮೇಲೆ ಸಂವಿಧಾನ ಬರೆಯಲು ಅನುಮತಿ ಕೊಡುವ ಕಾನೂನು. ಜನ ಪ್ರತಿನಿಧಿಗಳನ್ನು ಆರಿಸಿ, ಸಂವಿಧಾನ ಬರೆದು, ಒಪ್ಪಿಸುತ್ತಾರೆ. ಕಾಂಗ್ರೆಸ್ ಒಪ್ಪಿ, ಅಧ್ಯಕ್ಷ ಸಹಿ ಹಾಕಿದರೆ ರಾಜ್ಯ. ಆಮೇಲೆ ಸೇರಿದ 37ರಲ್ಲಿ 31 ರಾಜ್ಯಗಳು ಟೆರಿಟರಿ ಆಗಿದ್ದು ಬಂದವು. ಉಳಿದ ಆರು ಬೇರೆ ದಾರಿ ಹಿಡಿದವು. ಕೆಂಟಕಿ, ಮೇನ್, ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯಗಳಿಂದ ಒಡೆದು ಬಂದವು. ವರ್ಮಾಂಟ್, ಟೆಕ್ಸಾಸ್ ಸ್ವತಂತ್ರ ಗಣರಾಜ್ಯಗಳಾಗಿದ್ದವು. ಕ್ಯಾಲಿಫೋರ್ನಿಯಾಕ್ಕೆ ಚಿನ್ನ ಸಿಕ್ಕಿತ್ತು. ಜನ ಎಷ್ಟು ಬೇಗ ನುಗ್ಗಿದರೆಂದರೆ ಟೆರಿಟರಿ ಮಾಡಲು ಪುರುಸೊತ್ತೇ ಇರಲಿಲ್ಲ. 1850ರಲ್ಲಿ ನೇರ ರಾಜ್ಯವಾಯಿತು.

ಟೆರಿಟರಿಯಲ್ಲಿ ಬದುಕುವುದು ಅಂದರೆ ಏನು ಎಂದು ನೀವು ಕೇಳಿದಿರಿ. ತೆರಿಗೆ ಕಟ್ಟಬೇಕು, ಕಾನೂನು ಪಾಲಿಸಬೇಕು, ಅಧ್ಯಕ್ಷನ ಚುನಾವಣೆಯಲ್ಲಿ ಮತ ಇಲ್ಲ. ಗವರ್ನರ್ ದೂರದಿಂದ ಬಂದವನು. ಎಷ್ಟೋ ಸಲ ಅವನು ಆಡಳಿತ ಪಕ್ಷಕ್ಕೆ ದುಡಿದದ್ದಕ್ಕೆ ಹುದ್ದೆ ಪಡೆದವನು. ಜನರಿಗೆ ಇದು ಕುದಿಯುತ್ತಿತ್ತು. ಟೆನೆಸಿಯವರು 1796ರಲ್ಲಿ ಕಾಂಗ್ರೆಸ್ಸಿನ ಅನುಮತಿಗೆ ಕಾಯಲೇ ಇಲ್ಲ. ತಾವೇ ಜನಗಣತಿ ಮಾಡಿದರು, ತಾವೇ ಸಂವಿಧಾನ ಬರೆದರು, ಇಬ್ಬರು ಸೆನೆಟರ್‌ಗಳನ್ನೂ ಆರಿಸಿ ರಾಜಧಾನಿಗೆ ಕಳಿಸಿಬಿಟ್ಟರು. ಗಲಾಟೆಯಾಯಿತು, ಆದರೆ ರಾಜ್ಯ ಸಿಕ್ಕಿತು. 160 ವರ್ಷದ ಮೇಲೆ, 1956ರಲ್ಲಿ, ಅಲಾಸ್ಕಾದವರು ಇದೇ ಉಪಾಯ ಮಾಡಿದರು.

ಮಿಷಿಗನ್ ಕತೆ ನನಗೆ ತುಂಬ ಇಷ್ಟ. ಅಲ್ಲೂ 1835ರಲ್ಲಿ ಅನುಮತಿ ಇಲ್ಲದೆ ಸಂವಿಧಾನ ಬರೆದರು. ಗವರ್ನರ್ ಸ್ಟೀವನ್ಸ್ ಮೇಸನ್‌ಗೆ ಆಗ 23 ವರ್ಷ. ತೊಡಕು ಇದ್ದದ್ದು ಟೊಲೆಡೊ ಊರಿರುವ ಒಂದು ಸಣ್ಣ ಪಟ್ಟಿ ನೆಲದಲ್ಲಿ. ಅದು ನಮ್ಮದು ಎಂದು ಒಹಾಯೊವೂ ಮಿಷಿಗನ್ನೂ ಜಗಳಕ್ಕೆ ನಿಂತವು. ಎರಡೂ ಕಡೆಯವರು ದಂಡು ಕಟ್ಟಿದರು. ಒಹಾಯೊ ಆಗಲೇ ರಾಜ್ಯ. ಅದಕ್ಕೆ ಸೆನೆಟರ್‌ಗಳಿದ್ದರು, 1836ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮತಗಳಿದ್ದವು. ಮಿಷಿಗನ್‌ಗೆ ಎರಡೂ ಇರಲಿಲ್ಲ. ಫಲ ಏನಾಗಬೇಕೋ ಅದೇ ಆಯಿತು. ಟೊಲೆಡೊ ಬಿಟ್ಟುಕೊಟ್ಟರೆ ರಾಜ್ಯ, ಬದಲಿಗೆ ಉತ್ತರದ ಪರ್ಯಾಯ ದ್ವೀಪದ ದೊಡ್ಡ ಭಾಗ ತಗೊಳ್ಳಿ ಎಂದಿತು ಕಾಂಗ್ರೆಸ್. ಹಿಮ ಬೀಳುವ, ಯಾರಿಗೂ ಬೇಡದ ಕಾಡು ಅದು ಎಂದು ಮಿಷಿಗನ್ ಜನ ಸಿಟ್ಟಾದರು. ಸೆಪ್ಟೆಂಬರ್ 1836ರ ಸಭೆ ಬೇಡ ಎಂದಿತು. ಡಿಸೆಂಬರ್‌ನ ಕೊರೆವ ಚಳಿಯಲ್ಲಿ ಆ್ಯನ್ ಆರ್ಬರ್‌ನಲ್ಲಿ ಇನ್ನೊಂದು ಸಭೆ ಸೇರಿ ಒಪ್ಪಿಬಿಟ್ಟಿತು. 1837ರ ಜನವರಿ 26ಕ್ಕೆ ರಾಜ್ಯ. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಬೇಡದ ಕಾಡಿನಲ್ಲಿ ತಾಮ್ರದ, ಕಬ್ಬಿಣದ ಗಣಿಗಳು ತೆರೆದವು. ಟೊಲೆಡೊ ಕಳೆದುಕೊಂಡದ್ದರ ಎಷ್ಟೋ ಪಟ್ಟು ಮಿಷಿಗನ್‌ಗೆ ಬಂತು.

ಈ ಹೊತ್ತಿಗೆ ಇನ್ನೊಂದು ದೊಡ್ಡ ಲೆಕ್ಕ ನಡೆಯುತ್ತಿತ್ತು. ಜನಸಂಖ್ಯೆ ಎಷ್ಟೇ ಇರಲಿ, ರಾಜ್ಯಕ್ಕೆ ಇಬ್ಬರು ಸೆನೆಟರ್. ಹಾಗಾಗಿ ಪ್ರತಿ ಹೊಸ ರಾಜ್ಯವೂ ಸೆನೆಟ್ಟಿನ ತಕ್ಕಡಿಯನ್ನು ಅಲುಗಿಸುತ್ತಿತ್ತು. 1819ರ ಕೊನೆಗೆ ಗುಲಾಮಗಿರಿ ಇರುವ ರಾಜ್ಯ 11, ಇಲ್ಲದ್ದು 11. ಆಗ ಮಿಸ್ಸೂರಿ ಗುಲಾಮಗಿರಿಯ ಜೊತೆ ಬರುತ್ತೇನೆ ಎಂದಿತು. ದೇಶವೇ ಬಿರುಕು ಬಿಡುವ ಹಾಗಾಯಿತು. ಮಸ್ಸಾಚುಸೆಟ್ಸ್‌ನಿಂದ ಮೇನ್ ಬೇರ್ಪಡಿಸಿ ಜೋಡಿ ಮಾಡಿದರು. ಮೇನ್ 1820, ಮಿಸ್ಸೂರಿ 1821. ಮುಂದೆ ರಾಜ್ಯಗಳು ಜೋಡಿ ಜೋಡಿಯಾಗಿಯೇ ಬಂದವು. ಅರ್ಕಾನ್ಸಾ 1836ರಲ್ಲಿ, ಮಿಷಿಗನ್ 1837ರಲ್ಲಿ. ಫ್ಲಾರಿಡಾ 1845ರಲ್ಲಿ, ಅಯೋವಾ 1846ರಲ್ಲಿ. ಬರುವವರ ಅರ್ಹತೆ ಯಾರಿಗೂ ಬೇಕಿರಲಿಲ್ಲ. ಎದುರು ತೂಕಕ್ಕೆ ಯಾರಿದ್ದಾರೆ ಎಂದಷ್ಟೇ ನೋಡುತ್ತಿದ್ದರು.

1850ರಲ್ಲಿ ಕ್ಯಾಲಿಫೋರ್ನಿಯಾ ಬಂದು ಆ ಸಮ ತಪ್ಪಿತು. 1854ರಲ್ಲಿ ಕನ್ಸಾಸ್, ನೆಬ್ರಾಸ್ಕಾ ಟೆರಿಟರಿಗಳನ್ನು ಮಾಡಿ, ಗುಲಾಮಗಿರಿ ಬೇಕೋ ಬೇಡವೋ ಅಲ್ಲಿನವರೇ ತೀರ್ಮಾನಿಸಲಿ ಎಂದರು. ಕೇಳಲು ಚೆನ್ನಾಗಿದೆ ಅಲ್ವಾ? ಮಿಸ್ಸೂರಿಯಿಂದ ಜನ ಗಡಿ ದಾಟಿ ಬಂದು ಕಳ್ಳ ಮತ ಹಾಕಿದರು. ಎರಡು ಸರ್ಕಾರ ಹುಟ್ಟಿಕೊಂಡವು. ಊರುಗಳು ಸುಟ್ಟವು, ಕೊಲೆಗಳಾದವು. ಕನ್ಸಾಸ್‌ನವರು ನಾಲ್ಕು ಸಂವಿಧಾನ ಬರೆಯಬೇಕಾಯಿತು. ದಕ್ಷಿಣದ ಸೆನೆಟರ್‌ಗಳು ಎದ್ದು ಹೋದ ಮೇಲೆ, 1861ರ ಜನವರಿ 29ರಂದು, ಗುಲಾಮಗಿರಿ ಇಲ್ಲದ ಕನ್ಸಾಸ್ ಸೇರಿತು. ಅದೇ ವರ್ಷ ಅಂತರ್ಯುದ್ಧ. ಆ ಯುದ್ಧಕ್ಕೆ ಮೂಲ ಗುಲಾಮಗಿರಿ. ಅದು ಸ್ಫೋಟಿಸಿದ ಜಾಗ ಟೆರಿಟರಿಗಳು.

ಈಗ ನಿಮ್ಮ ಸಂಖ್ಯೆಯ ಪ್ರಶ್ನೆಗೆ ಎರಡು ಉದಾಹರಣೆಗಳನ್ನು ಹೋಲಿಸಿ ಕೊಡುತ್ತೇನೆ. ನೆವಾಡ ಮತ್ತು ನ್ಯೂ ಮೆಕ್ಸಿಕೊ.

ನೆವಾಡದಲ್ಲಿ 1860ರ ಗಣತಿಯಲ್ಲಿ 7,000 ಜನವೂ ಇರಲಿಲ್ಲ. 1864ರಲ್ಲಿ ಲಿಂಕನ್ ಮರುಚುನಾವಣೆ ಹತ್ತಿರ ಬಂತು. ಗುಲಾಮಗಿರಿ ತೆಗೆಯುವ ತಿದ್ದುಪಡಿಗೆ ರಾಜ್ಯಗಳ ಒಪ್ಪಿಗೆಯೂ ಬೇಕಿತ್ತು. ಲಿಂಕನ್ ಪಕ್ಷದ ಕಡೆಗಿದ್ದ ಒಂದು ಹೊಸ ರಾಜ್ಯ ಬಂದರೆ ಒಳ್ಳೆಯದಿತ್ತು. ನೆವಾಡ ತನ್ನ ಸಂವಿಧಾನದ 16,000ಕ್ಕೂ ಹೆಚ್ಚು ಪದಗಳನ್ನು ತಂತಿಯಲ್ಲಿ ವಾಷಿಂಗ್ಟನ್‌ಗೆ ಕಳಿಸಿತು. ತಂತಿ ಖರ್ಚು 4,300 ಡಾಲರ್ ದಾಟಿತು. ಅಕ್ಟೋಬರ್ 31ಕ್ಕೆ ರಾಜ್ಯವಾಯಿತು, ಚುನಾವಣೆಗೆ ಎಂಟು ದಿನ ಮೊದಲು. 1870ರ ಗಣತಿಯಲ್ಲೂ ಅಲ್ಲಿ ಇದ್ದದ್ದು ಸುಮಾರು 42,000 ಜನ.

ನ್ಯೂ ಮೆಕ್ಸಿಕೊ 1848ರಲ್ಲಿ ಮೆಕ್ಸಿಕೊದಿಂದ ಕಸಿದ ನೆಲ. 1850ರ ಗಣತಿಯಲ್ಲೇ ಅಲ್ಲಿ 61,000 ದಾಟಿತ್ತು. ಅದು ರಾಜ್ಯವಾಗಿದ್ದು 1912ರ ಜನವರಿ 6ರಂದು. 62 ವರ್ಷ ಕಾದಿತು. ಆ ಹೊತ್ತಿಗೆ ಅಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಜನ. ಯಾಕೆ? ಬಹುಪಾಲು ಜನ ಸ್ಪ್ಯಾನಿಷ್ ಮಾತಾಡುತ್ತಿದ್ದರು, ಕ್ಯಾಥೊಲಿಕರಾಗಿದ್ದರು. ಸೆನೆಟ್ಟಿನ ಟೆರಿಟರಿ ಸಮಿತಿಯ ಅಧ್ಯಕ್ಷ ಆಲ್ಬರ್ಟ್ ಬೆವರಿಜ್ 1902ರಲ್ಲಿ ಆ ಕಡೆ ಪ್ರವಾಸ ಬಂದರು. ಕೋರ್ಟುಗಳಲ್ಲಿ ದುಭಾಷಿ ಬೇಕಾಗುತ್ತಾರೆ, ಜನ ಇಂಗ್ಲಿಷ್ ಮಾತಾಡುವುದಿಲ್ಲ ಎಂಬುದನ್ನೇ ಮುಂದೆ ಮಾಡಿ ರಾಜ್ಯ ಬೇಡ ಎಂದರು. ತಲೆಮಾರುಗಳಿಂದ ಅಲ್ಲೇ ಇದ್ದವರು ತಮ್ಮ ಮನೆಮಾತಿಗಾಗಿ ಕಾಯಬೇಕಾಯಿತು. ಭಾಷೆಯ ಹೆಸರಿನಲ್ಲಿ ರಾಜ್ಯ ಕಟ್ಟಿಕೊಂಡ ನಮಗೆ ಇದರ ನೋವು ಬೇಗ ಅರ್ಥವಾಗುತ್ತದೆ.

ನಿಮ್ಮ ಮಗಳ ಅರಿಜೋನಾ ಇದೇ ನ್ಯೂ ಮೆಕ್ಸಿಕೊದಿಂದ 1863ರಲ್ಲಿ ಬೇರೆ ಟೆರಿಟರಿಯಾಗಿತ್ತು. ಎರಡನ್ನೂ ಮತ್ತೆ ಸೇರಿಸಿ ಒಂದೇ ರಾಜ್ಯ ಮಾಡೋಣ, ನಾಲ್ಕರ ಬದಲು ಇಬ್ಬರೇ ಸೆನೆಟರ್ ಸಾಕು ಎಂದು ಕಾಂಗ್ರೆಸ್ ಹೊರಟಿತು. 1906ರಲ್ಲಿ ಜನರನ್ನು ಕೇಳಿದರು. ನ್ಯೂ ಮೆಕ್ಸಿಕೊ ಹೂಂ ಎಂದಿತು. ಅರಿಜೋನಾದಲ್ಲಿ ಬೇಕು ಎಂದವರು ಒಬ್ಬರಾದರೆ ಬೇಡ ಎಂದವರು ಐದು ಜನ. ಕೊನೆಗೆ 1910ರಲ್ಲಿ ಇಬ್ಬರಿಗೂ ಬೇರೆ ಬೇರೆ ಅನುಮತಿ ಸಿಕ್ಕಿತು. ಅರಿಜೋನಾ ತನ್ನ ಸಂವಿಧಾನದಲ್ಲಿ ನ್ಯಾಯಾಧೀಶರನ್ನೂ ಜನ ಮತ ಹಾಕಿ ವಾಪಸ್ ಕರೆಸಬಹುದು ಎಂದು ಬರೆಯಿತು. ಅಧ್ಯಕ್ಷ ಟಾಫ್ಟ್ ಸ್ವತಃ ನ್ಯಾಯಾಧೀಶರಾಗಿದ್ದವರು. 1911ರಲ್ಲಿ ವೀಟೊ ಹಾಕಿದರು. ಅರಿಜೋನಾ ಜನ ಆ ಸಾಲು ತೆಗೆದರು. 1912ರ ಫೆಬ್ರುವರಿಯಲ್ಲಿ ಟಾಫ್ಟ್ ಸಹಿ ಹಾಕಿದರು. ಅದೇ ನವೆಂಬರ್‌ನಲ್ಲಿ ಅರಿಜೋನಾ ಜನ ಆ ಸಾಲನ್ನು ಮತ್ತೆ ಸೇರಿಸಿಕೊಂಡರು! ಹೆಂಗಸರಿಗೆ ಮತದ ಹಕ್ಕನ್ನೂ ಅದೇ ಚುನಾವಣೆಯಲ್ಲಿ ಕೊಟ್ಟರು.

ಇದು ಮೋಸ ಅಲ್ಲವೇ ಎಂದು ಅನಿಸಬಹುದು. ಅಲ್ಲ. 1911ರಲ್ಲೇ ಸುಪ್ರೀಂ ಕೋರ್ಟ್ ಓಕ್ಲಹೋಮದ ಪ್ರಕರಣವೊಂದರಲ್ಲಿ ಈ ಪ್ರಶ್ನೆ ತೀರ್ಮಾನಿಸಿತ್ತು. 1913ರವರೆಗೆ ರಾಜಧಾನಿ ಗಥ್ರಿ ಊರಿನಲ್ಲೇ ಇರಬೇಕು ಎಂದು ಕಾಂಗ್ರೆಸ್ ಓಕ್ಲಹೋಮಕ್ಕೆ ಷರತ್ತು ಹಾಕಿತ್ತು. ರಾಜ್ಯವಾದ ಮೂರು ವರ್ಷಕ್ಕೇ ಅವರು ಓಕ್ಲಹೋಮ ಸಿಟಿಗೆ ಕಿತ್ತುಕೊಂಡು ಹೋದರು. ಕೋರ್ಟ್ ಹೇಳಿತು: ರಾಜ್ಯ ಆದ ಮೇಲೆ ರಾಜಧಾನಿ ಎಲ್ಲಿ ಅನ್ನುವುದು ಅವರ ಇಷ್ಟ, ಬೇರೆ ರಾಜ್ಯಗಳಿಗೆ ಇಲ್ಲದ ಕಟ್ಟು ಇವರಿಗೆ ಮಾತ್ರ ಹಾಕಲಾಗದು. 1787ರ ಸರಿಸಮ ಅನ್ನುವ ಮಾತಿಗೆ ಇಲ್ಲಿ ಹಲ್ಲು ಬಂತು. ಒಳಗೆ ಬರುವವರೆಗೆ ಕಾಂಗ್ರೆಸ್ ಏನು ಬೇಕಾದರೂ ಕೇಳಬಹುದು. ಬಂದ ಮೇಲೆ ಎಲ್ಲರೂ ಒಂದೇ.

ಅದೇ ಓಕ್ಲಹೋಮದ ಇನ್ನೊಂದು ಮುಖವನ್ನು ಹೇಳದೆ ಮುಂದೆ ಹೋಗಲಾರೆ. 1830ರ ದಶಕದಲ್ಲಿ ಚೆರೊಕಿ, ಚಾಕ್ಟಾ, ಕ್ರೀಕ್, ಚಿಕಸಾ, ಸೆಮಿನೋಲ್ ಜನರನ್ನು ಆಗ್ನೇಯದ ಅವರ ಊರುಗಳಿಂದ ಎಬ್ಬಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಸಾವಿರಾರು ಜನ ಸತ್ತರು. ಈ ನೆಲ ಮಾತ್ರ ಎಂದೆಂದಿಗೂ ನಿಮ್ಮದು ಎಂದರು. 1889ರ ಏಪ್ರಿಲ್ 22ರ ಮಧ್ಯಾಹ್ನ ಅದರ ನಡುವಿನ ಒಂದು ತುಂಡನ್ನು ಹೊರಗಿನವರಿಗೆ ತೆರೆದರು. ಸೂಚನೆ ಸಿಕ್ಕ ಕೂಡಲೇ ಸಾವಿರಾರು ಜನ ಕುದುರೆ, ಬಂಡಿಗಳಲ್ಲಿ ಓಡಿ ಜಾಗ ಹಿಡಿದರು. ಉಳಿದ ಭಾಗದಲ್ಲಿ ಮೂಲನಿವಾಸಿಗಳು 1905ರಲ್ಲಿ ಮಸ್ಕೋಗಿಯಲ್ಲಿ ಸಭೆ ಸೇರಿ ಸೆಕೋಯಾ ಎಂಬ ತಮ್ಮ ರಾಜ್ಯದ ಸಂವಿಧಾನ ಬರೆದರು. ಚೆರೊಕಿ ಭಾಷೆಗೆ ಲಿಪಿ ಮಾಡಿಕೊಟ್ಟವನ ಹೆಸರು ಅದು. ಜನಮತದಲ್ಲಿ ಭಾರಿ ಬಹುಮತ ಬಂತು. ನಿಯಮದಲ್ಲಿ ಕೇಳಿದ್ದನ್ನೆಲ್ಲ ಮಾಡಿದ್ದರು. ಕಾಂಗ್ರೆಸ್ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಎರಡೂ ಭಾಗ ಸೇರಿಸಿ 1907ರಲ್ಲಿ ಓಕ್ಲಹೋಮ ಮಾಡಿತು. 2020ರಲ್ಲಿ ಸುಪ್ರೀಂ ಕೋರ್ಟ್, ಕ್ರೀಕ್ ಜನರ ಮೀಸಲು ನೆಲವನ್ನು ಕಾಂಗ್ರೆಸ್ ಎಂದೂ ಕಾನೂನುಬದ್ಧವಾಗಿ ರದ್ದು ಮಾಡಿಲ್ಲ, ಕ್ರಿಮಿನಲ್ ಕಾನೂನಿನ ಮಟ್ಟಿಗೆ ಅದು ಈಗಲೂ ಇದೆ ಎಂದು ತೀರ್ಪು ಕೊಟ್ಟಿತು. ಅಂದರೆ 113 ವರ್ಷದ ಮೇಲೂ ಆ ಗಾಯ ಮುಚ್ಚಿರಲಿಲ್ಲ.

ಉಳಿದವನ್ನು ಬೇಗ ಹೇಳುತ್ತೇನೆ. ಯೂಟಾವನ್ನು ಅಲ್ಲಿನ ಮಾರ್ಮನ್ ಎಂಬ ಕ್ರೈಸ್ತ ಪಂಥದವರ ಬಹುಪತ್ನಿತ್ವದ ಕಾರಣಕ್ಕೆ 1896ರವರೆಗೆ ಹೊರಗಿಟ್ಟರು. 1890ರಲ್ಲಿ ಅವರ ಚರ್ಚೇ ಆ ಪದ್ಧತಿ ಬಿಡುತ್ತೇವೆ ಎಂದ ಮೇಲೆ ದಾರಿ ತೆರೆಯಿತು. ಡಕೋಟಾವನ್ನು ಎರಡು ಮಾಡಿದ್ದರಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಎರಡರ ಬದಲು ನಾಲ್ಕು ಸೆನೆಟರ್ ಸಿಗುವ ಆಸೆ ಇತ್ತು. 1889ರ ನವೆಂಬರ್ 2ರಂದು ಅಧ್ಯಕ್ಷ ಹ್ಯಾರಿಸನ್ ಎರಡರ ಕಾಗದವನ್ನೂ ಕಲಸಿ ಸಹಿ ಹಾಕಿದರು. ಯಾವುದು ಮೊದಲು ಅಂತ ಯಾರಿಗೂ ಗೊತ್ತಾಗಬಾರದು ಅಂತ. ಹವಾಯಿಯಲ್ಲಿ 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಇಳಿಸಿ, 1898ರಲ್ಲಿ ದ್ವೀಪಗಳನ್ನು ಸೇರಿಸಿಕೊಂಡರು. ಏಷ್ಯಾ ಮೂಲದವರೇ ಜಾಸ್ತಿ ಇರುವ ರಾಜ್ಯ ಬಂದರೆ ಜನಾಂಗ ಭೇದದ ವಿರುದ್ಧ ಸೆನೆಟ್ಟಿನಲ್ಲಿ ಮತ ಹೆಚ್ಚುತ್ತದೆ ಎಂದು ದಕ್ಷಿಣದ ಸೆನೆಟರ್‌ಗಳು ವರ್ಷಗಟ್ಟಲೆ ತಡೆದರು. 1959ರ ಜನಮತದಲ್ಲಿ ಸುಮಾರು 94% ರಾಜ್ಯ ಬೇಕು ಎಂದರು. ಸ್ವತಂತ್ರ ದೇಶ ಆಗುವ ಆಯ್ಕೆ ಮತಪತ್ರದಲ್ಲಿ ಇರಲಿಲ್ಲ ಅನ್ನುವುದನ್ನು ಮರೆಯಬಾರದು.

ನಮ್ಮಲ್ಲಿಗೂ ಅಲ್ಲಿಗೂ ಏನು ವ್ಯತ್ಯಾಸ? ಎರಡು ಮುಖ್ಯ. ಅಮೆರಿಕದಲ್ಲಿ ಇರುವ ರಾಜ್ಯವನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು. ಅಂತರ್ಯುದ್ಧದ ನಡುವೆ ವೆಸ್ಟ್ ವರ್ಜೀನಿಯಾ ಮಾಡುವಾಗಲೂ, ಒಕ್ಕೂಟಕ್ಕೆ ನಿಷ್ಠವಾಗಿದ್ದ ಇನ್ನೊಂದು ವರ್ಜೀನಿಯಾ ಸರ್ಕಾರವನ್ನು ಮುಂದೆ ನಿಲ್ಲಿಸಿ ಒಪ್ಪಿಗೆ ಬರೆಸಿಕೊಂಡರು. ನಮ್ಮ ಸಂವಿಧಾನದ 3ನೇ ವಿಧಿಯಲ್ಲಿ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು. 2014ರಲ್ಲಿ ಆಂಧ್ರದ ವಿಧಾನಸಭೆ ಬೇಡ ಎಂದರೂ ಸಂಸತ್ತು ತೆಲಂಗಾಣ ಮಾಡಿತು. 1956ರಲ್ಲಿ ಕೊಡಗು ತನ್ನದೇ ವಿಧಾನಸಭೆ ಇದ್ದ ರಾಜ್ಯವಾಗಿದ್ದದ್ದು ಮೈಸೂರಿಗೆ ಸೇರಿ ಜಿಲ್ಲೆಯಾಯಿತು. ನಮ್ಮಲ್ಲಿ ರಾಜ್ಯವೊಂದನ್ನು ಕೇಂದ್ರಾಡಳಿತ ಪ್ರದೇಶವಾಗಿ ಇಳಿಸುವುದೂ ಆಗಿದೆ, 2019ರ ಜಮ್ಮು–ಕಾಶ್ಮೀರದ ಹಾಗೆ. ಅಮೆರಿಕದಲ್ಲಿ ಒಮ್ಮೆ ರಾಜ್ಯವಾದರೆ ಮತ್ತೆ ಟೆರಿಟರಿ ಆಗುವುದಿಲ್ಲ. ಎರಡನೆಯದು, ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಗೋವಾಕ್ಕೆ 1. ಹೊಸ ಸಣ್ಣ ರಾಜ್ಯ ಬಂದರೆ ದೆಹಲಿಯ ಬಲಾಬಲ ಅಷ್ಟೇನೂ ಬದಲಾಗುವುದಿಲ್ಲ. ಅಲ್ಲಿ ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೂ ಸುಮಾರು ನಾಲ್ಕು ಕೋಟಿಯ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ ಸೆನೆಟರ್. ಅದಕ್ಕೇ ಅಲ್ಲಿ ಪ್ರತಿ ಹೊಸ ರಾಜ್ಯವೂ ಒಂದು ಯುದ್ಧ.

ಪೋರ್ಟೊ ರಿಕೊ ಈಗ ಅರ್ಥವಾಗುತ್ತದೆ. 1898ರಲ್ಲಿ ಸ್ಪೇನ್‌ನಿಂದ ಗೆದ್ದ ದ್ವೀಪ. ಹಳೆಯ ಟೆರಿಟರಿಗಳು ಎಂದಾದರೂ ರಾಜ್ಯವಾಗುತ್ತವೆ ಅನ್ನುವ ನಂಬಿಕೆ ಇತ್ತು. 1901ರಲ್ಲಿ ಸುಪ್ರೀಂ ಕೋರ್ಟ್ ಹೊಸ ಬಗೆ ಒಂದನ್ನು ಕಂಡುಹಿಡಿಯಿತು. ಇದು ಅಮೆರಿಕದ ಸೊತ್ತು, ಆದರೆ ಪೂರ್ತಿ ಅಮೆರಿಕದ ಭಾಗ ಅಲ್ಲ ಎಂದಿತು. ಬೇರೆ ಜನಾಂಗದವರನ್ನು ನಮ್ಮ ಪದ್ಧತಿಯಲ್ಲಿ ಆಳುವುದು ಹೇಗೆ ಅನ್ನುವ ಅಳುಕು ಆ ತೀರ್ಪುಗಳಲ್ಲಿ ಬಿಚ್ಚಿಯೇ ಬರೆದಿದೆ. 1787ರಲ್ಲಿ ಕೊಟ್ಟ ಮಾತನ್ನು ಹೊಸಬರಿಗೆ ಇಲ್ಲ ಎಂದ ಕ್ಷಣ ಅದು. ನನಗೆ ಇದು ಆ ದೇಶದ ಇತಿಹಾಸದ ಅತಿ ಬೇಸರದ ತೀರ್ಪುಗಳಲ್ಲಿ ಒಂದು. ಅದರ ಮೂಲ ತತ್ವ ಇಂದಿಗೂ ಪೂರ್ತಿ ಬಿದ್ದಿಲ್ಲ.

ಅಲ್ಲಿನವರು 1917ರಿಂದ ಅಮೆರಿಕದ ಪ್ರಜೆಗಳು. 2020ರ ಗಣತಿಯಲ್ಲಿ 32 ಲಕ್ಷಕ್ಕೂ ಹೆಚ್ಚು ಜನ. ಹಳೆಯ 60,000ಕ್ಕೆ 50 ಪಟ್ಟು ಮೀರಿದ್ದಾರೆ. 2020ರ ಜನಮತದಲ್ಲಿ ಸುಮಾರು 52% ರಾಜ್ಯ ಬೇಕು ಎಂದರು. ಅಲ್ಲಿ ಎಲ್ಲರಿಗೂ ಒಂದೇ ಮನಸ್ಸಿಲ್ಲ, ಅದು ನಿಜ. ಸ್ವತಂತ್ರ ದೇಶ ಬೇಕೆನ್ನುವವರಿದ್ದಾರೆ, ಈಗಿರುವ ಹಾಗೇ ಸಾಕು ಎನ್ನುವವರಿದ್ದಾರೆ. ಆದರೆ ಕೀಲಿ ಅವರ ಕೈಯಲ್ಲಿಲ್ಲ. ರಾಜ್ಯ ಮಾಡಲು ಸಂವಿಧಾನ ತಿದ್ದುಪಡಿ ಬೇಕಿಲ್ಲ. ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಒಂದು ಸಾಮಾನ್ಯ ಕಾನೂನು, ಅಧ್ಯಕ್ಷನ ಸಹಿ, ಅಷ್ಟೇ. 2022ರ ಡಿಸೆಂಬರ್‌ನಲ್ಲಿ ಕೆಳಮನೆ ಒಂದು ಮಸೂದೆ ಪಾಸು ಮಾಡಿತು. ಮುಂದೆ ಏನಾಗಬೇಕು ಅನ್ನುವುದನ್ನು ದ್ವೀಪದ ಜನರೇ ಮತ ಹಾಕಿ ತೀರ್ಮಾನಿಸಲಿ, ಅದಕ್ಕೆ ನಾವು ಬದ್ಧ ಎನ್ನುವ ಮಸೂದೆ ಅದು. ಸೆನೆಟ್ ಅದನ್ನು ಮತಕ್ಕೇ ಹಾಕಲಿಲ್ಲ. ಇಬ್ಬರು ಹೊಸ ಸೆನೆಟರ್ ಯಾವ ಪಕ್ಷದವರಾಗುತ್ತಾರೆ ಎಂಬ ಹಳೆಯ ಲೆಕ್ಕ ಅಲ್ಲಿ ಈಗಲೂ ನಡೆಯುತ್ತಿದೆ.

ಪೋರ್ಟೊ ರಿಕೊದ ರಾಜಧಾನಿ ಸಾನ್ ಹ್ವಾನ್‌ನಲ್ಲಿ ಹುಟ್ಟಿದ ಒಬ್ಬರು ಫ್ಲಾರಿಡಾಕ್ಕೆ ಮನೆ ಬದಲಾಯಿಸಿ ನೋಂದಾಯಿಸಿಕೊಂಡರೆ ಅಧ್ಯಕ್ಷನ ಚುನಾವಣೆಯಲ್ಲಿ ಮತ ಹಾಕಬಹುದು. ಅವರೇ ವಾಪಸ್ ಬಂದು ದ್ವೀಪದಲ್ಲಿ ನೆಲೆಸಿದರೆ ಆ ಮತ ಹೋಗುತ್ತದೆ.